ಕೊನೆಯವಳ ಸೀಟಿ

ಬೆಳಗಿನ ಆರೂವರೆಗೆ ಬಾಲದಕ್ಕ ತನ್ನ ಹಿತ್ತಾಳೆಯ ಸೀಟಿಯನ್ನು ಬಿಸಿನೀರಿನಲ್ಲಿ ತೊಳೆದು, ಎರಡು ಸಲ ಒದರಿ, ಕಿಟಕಿಯ ಹಲಗೆಯ ಮೇಲೆ ಒಣಗಲಿಟ್ಟಳು. ಒಳಗಿನ ಬೆಂಡಿನ ಗುಂಡು ನೆಂದು ಊದಿಕೊಂಡರೆ ದನಿ ಕಟ್ಟಿಹೋಗುತ್ತದೆ. ಕಾಡಿನಲ್ಲಿ ನೂರು ಹೆಜ್ಜೆಯಾಚೆಗೆ ಕೇಳಿಸುವುದಿಲ್ಲ. ಸೀಟಿ ಒಣಗುವ ತನಕ ಚಾರಣಕ್ಕೆ ಬಂದವರ ಅರ್ಜಿಗಳನ್ನು ಓದುತ್ತ ಕೂತಳು. ಮೂವತ್ತೊಂದು ವರ್ಷದಿಂದ ಇದೇ ಕ್ರಮ.

ಕಚೇರಿ ಎಂದರೆ ಒಂದೇ ಕೋಣೆ. ಒಂದು ಮೇಜು, ಮೊಳೆಗಳಿಗೆ ನೇತುಬಿಟ್ಟ ಬೆನ್ನುಚೀಲಗಳು, ಜಿಗಣೆಗೆ ಹಚ್ಚುವ ಉಪ್ಪಿನ ಡಬ್ಬ, ಎಷ್ಟು ಬಿಸಿಲಿಗೆ ಹಾಕಿದರೂ ಹೋಗದ ಡೇರೆಬಟ್ಟೆಯ ಮುಗ್ಗಲು ವಾಸನೆ. ಈ ಸಲ ಏಳು ಜನ. ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ, ಹೆಚ್ಚುಕಮ್ಮಿಯಾದರೆ ಯಾರಿಗೆ ತಿಳಿಸಬೇಕು. ಐದನೆಯ ಅರ್ಜಿಯ ಕೊನೆಯ ಸಾಲಿನಲ್ಲಿ ಅವಳ ಬೆರಳು ನಿಂತಿತು. ತಾಯಿಗೆ ತಿಳಿಸಬೇಕು. ವಿಳಾಸ: ಪೇಟೆಬೀದಿ, ಫೋಟೊ ಸ್ಟುಡಿಯೋದ ಮೇಲ್ಮಹಡಿ.

ಆ ವಿಳಾಸವನ್ನು ಹನ್ನೊಂದು ವರ್ಷದ ಹಿಂದೆ ಅವಳೇ ತನ್ನ ಕೈಯಾರೆ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಬರೆದಿದ್ದಳು. ಪೆಟ್ಟಿಗೆಯಲ್ಲಿ ಒಬ್ಬ ಗಂಡಸಿನ ಎರಡು ಅಂಗಿ, ಕನ್ನಡಕದ ಡಬ್ಬಿ, ಕ್ಯಾಮೆರಾ ಲೆನ್ಸಿನ ಮುಚ್ಚಳ ಇದ್ದವು. ಮನುಷ್ಯ ಸಿಕ್ಕಿರಲಿಲ್ಲ.

"ಅತ್ತೆ, ಟೀ ಆರ್ತಾ ಇದೆ," ಎಂದ ಅಣ್ಣನ ಮಗ ಬಾಗಿಲಲ್ಲಿ ನಿಂತು. ಈಗ ತಂಡದ ಮುಂದೆ ನಡೆಯುವವನು ಅವನೇ. "ಯಾಕೆ, ಯಾರಿಗಾದ್ರೂ ಬಿಪಿನಾ?"

"ಏನಿಲ್ಲ. ಎಲ್ರೂ ಗಟ್ಟಿಮುಟ್ಟಾಗಿದಾರೆ," ಎಂದು ಅರ್ಜಿಗಳನ್ನು ಮಡಚಿಟ್ಟಳು.

ಅವಳಿಗೆ ಐವತ್ತನಾಲ್ಕು ವರ್ಷ. ಚಾರಣದ ಸಾಲಿನಲ್ಲಿ ಯಾವಾಗಲೂ ಕೊನೆಗೆ ನಡೆಯುವುದರಿಂದ ಬಾಲದಕ್ಕ ಎಂಬ ಹೆಸರು ಬಿತ್ತು. ಈಗ ಮನೆಯವರೂ ಹಾಗೇ ಕರೆಯುತ್ತಾರೆ. ಐದು ದಿನದ ಚಾರಣ ಅದು. ಎರಡು ದಿನ ಕಾಡಿನೊಳಗೆ ನಡೆಯುವುದು, ಮೂರನೆಯ ದಿನ ಕಾಡು ನುಂಗಿಹಾಕಿದ ಕಲ್ಲಿನ ಪಟ್ಟಣವನ್ನು ನೋಡುವುದು, ಮತ್ತೆರಡು ದಿನ ಮರಳುವುದು. ಗಿಡಗಂಟಿ ಎಷ್ಟು ದಟ್ಟವೆಂದರೆ ಮುಂದಿನವರು ಹಿಂದಿನವರಿಗೆ ಕಾಣುವುದಿಲ್ಲ. ಅದಕ್ಕೇ ಸೀಟಿ. ಮುಂದಿನವನು ಆಗಾಗ ನಿಂತು ಒಂದು ಉದ್ದನೆಯ ಸೀಟಿ ಊದುತ್ತಾನೆ. ಕೊನೆಯವಳು ತನ್ನ ಹಿಂದೆ ಯಾರೂ ಇಲ್ಲವೆಂದು ಕಣ್ಣಾರೆ ಕಂಡ ಮೇಲೆ ಎರಡು ಗಿಡ್ಡ ಸೀಟಿ ಊದುತ್ತಾಳೆ. ಉತ್ತರ ಬಾರದಿದ್ದರೆ ಅವನು ಇನ್ನೊಮ್ಮೆ ಊದಬೇಕು. ಆಗಲೂ ಬಾರದಿದ್ದರೆ ಎಲ್ಲರನ್ನೂ ಅಲ್ಲೇ ಕೂರಿಸಿ ಹಿಂತಿರುಗಿ ಓಡಬೇಕು. ಬಾಲದಕ್ಕನ ಇಡೀ ಉದ್ಯೋಗ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಅವಳ ಬೆನ್ನ ಹಿಂದೆ ಯಾರೂ ಇರಕೂಡದು.

ಹನ್ನೊಂದು ವರ್ಷದ ಹಿಂದೆ ಒಬ್ಬ ಇದ್ದ.

ನಾಲ್ಕನೆಯ ದಿನದ ಬೆಳಗ್ಗೆ, ಹಾಳು ಪಟ್ಟಣದಿಂದ ಹೊರಟ ಹೊತ್ತು. ಪಟ್ಟಣದ ಅಂಚಿನಲ್ಲಿ ಒಂಟಿ ಬಾಗಿಲು ಎನ್ನುವ ಜಾಗವಿದೆ. ಗೋಡೆಗಳೆಲ್ಲ ಬಿದ್ದುಹೋಗಿ ಕಲ್ಲಿನ ಚೌಕಟ್ಟೊಂದೇ ನಿಂತಿದೆ, ಅದರಾಚೆ ಮತ್ತೆ ಕಾಡು. ಬಾಲದಕ್ಕನ ಎಡಗಾಲಿನ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು. ಕೂತು ಹುರಿಯಿಂದ ಬಿಗಿಯುತ್ತಿದ್ದಳು. ಆ ತಂಡದಲ್ಲಿದ್ದ ಫೋಟೊ ಸ್ಟುಡಿಯೋದವನು, "ನೀವು ನಡೀತಿರಿ, ಮಂಜು ಹೀಗೆ ಮತ್ತೆ ಸಿಗಲ್ಲ, ಒಂದೇ ಒಂದು ಫೋಟೊ," ಎಂದು ಅವಳನ್ನು ದಾಟಿ ಹಿಂದಕ್ಕೆ ಹೋದ. ಅವಳು ತಲೆಯಾಡಿಸಿದಳು. ಅದೇ ಹೊತ್ತಿಗೆ ಮುಂದಿನಿಂದ, ಆಗ ಮುಂದಾಳಾಗಿದ್ದ ಅಣ್ಣನ ಸೀಟಿ ಕೇಳಿಸಿತು. ಇಪ್ಪತ್ತು ವರ್ಷದ ರೂಢಿ. ಕೈ ತಾನಾಗಿಯೇ ಬಾಯಿಗೆ ಹೋಯಿತು. ಎರಡು ಗಿಡ್ಡ ಸೀಟಿ. ಅಣ್ಣ ನಿಶ್ಚಿಂತೆಯಿಂದ ಉಳಿದವರನ್ನು ಕರೆದುಕೊಂಡು ಹೊಳೆಯ ಕಡೆ ಇಳಿದ.

ಹತ್ತು ನಿಮಿಷ ಕಾದು ಅವಳು ಬಾಗಿಲ ಹತ್ತಿರ ಹೋದಾಗ ಅಲ್ಲಿ ಮಂಜಿನ ಹೊರತು ಏನೂ ಇರಲಿಲ್ಲ. ಅವಳು ಊದದೆ ಇದ್ದಿದ್ದರೆ ಅಣ್ಣ ಐದೇ ನಿಮಿಷದಲ್ಲಿ ನಾಲ್ಕು ಆಳು ಕಟ್ಟಿಕೊಂಡು ಬಂದಿರುತ್ತಿದ್ದ. ಅಣ್ಣನನ್ನು ಮುಟ್ಟಿ ಕರೆತರಲು ಅವಳಿಗೆ ಒಂದೂವರೆ ಗಂಟೆ ಹಿಡಿಯಿತು. ಒಂಬತ್ತು ದಿನ ಹುಡುಕಿದರು. ಬಾಗಿಲಾಚೆಯ ಕೊಳದ ಮೆಟ್ಟಿಲ ಮೇಲೆ ಲೆನ್ಸಿನ ಮುಚ್ಚಳ ಸಿಕ್ಕಿತು, ಅಷ್ಟೆ.

ಅರಣ್ಯ ಕಚೇರಿಯಲ್ಲಿ ಅಣ್ಣತಂಗಿಯರನ್ನು ಬೇರೆಬೇರೆ ಕೋಣೆಯಲ್ಲಿ ಕೂರಿಸಿ ಕೇಳಿದರು. "ನೀವು ಉತ್ತರದ ಸೀಟಿ ಊದಿದ್ರಾ?" ಎಂದು ಅಧಿಕಾರಿ ಕೇಳಿದಾಗ ಬಾಲದಕ್ಕನ ಬಾಯಿಂದ ಬಂದದ್ದು, "ಇಲ್ಲ ಸಾರ್." ಪಕ್ಕದ ಕೋಣೆಯಲ್ಲಿ ಅಣ್ಣ ಅದೇ ಹೊತ್ತಿಗೆ, "ಉತ್ತರ ಬಂತು ಸಾರ್, ಎರಡು ಸಲ," ಎನ್ನುತ್ತಿದ್ದ. ಅಧಿಕಾರಿ ಅವಳನ್ನು ನಂಬಿದ. ಉತ್ತರಕ್ಕೆ ಕಾಯದೆ ಮುಂದೆ ನಡೆದ ಎಂದು ಬರೆದು ಅಣ್ಣನ ಪರವಾನಗಿ ಕಿತ್ತುಕೊಂಡರು. ಹೊರಗೆ ಜಗಲಿಯಲ್ಲಿ ಅಣ್ಣ ಒಂದೇ ಒಂದು ಸಲ ಕೇಳಿದ:

"ನೀನು ಊದ್ಲಿಲ್ವಾ?"

"ಇಲ್ಲ ಅಣ್ಣ."

"ಹಾಗಾದ್ರೆ ಯಾರು?"

ತಂಗಿ ಸುಳ್ಳು ಹೇಳಿಯಾಳು ಎಂದು ಅವನ ಮನಸ್ಸಿಗೆ ಬರಲೇ ಇಲ್ಲ. ದೆವ್ವ ಭೂತ ಎಂದರೆ ನಗುತ್ತಿದ್ದ ಮನುಷ್ಯ ಒಂದು ತಿಂಗಳಲ್ಲಿ ಬೇರೆಯಾದ. ಈಗ ಕಚೇರಿಯ ಹಿಂದಿನ ಮನೆಯಲ್ಲಿ ಕೂತು ಡೇರೆಗಳ ಜಿಪ್ಪು ಹೊಲಿಯುತ್ತಾನೆ. ಅತ್ತಿಗೆ ಕುಕ್ಕರ್ ಇಡುವುದನ್ನೇ ಬಿಟ್ಟು ಅನ್ನವನ್ನು ತೆರೆದ ಪಾತ್ರೆಯಲ್ಲಿ ಬೇಯಿಸುತ್ತಾಳೆ. ಪ್ರತಿ ಚಾರಣ ಮುಗಿದಾಗಲೂ ಅವನು ಮಗನನ್ನು ಕೇಳುವುದು ಒಂದೇ ಪ್ರಶ್ನೆ: "ಈ ಸಲ ಕೇಳಿಸ್ತಾ?"

ಸುದ್ದಿ ಹಬ್ಬಿತು. ಹಾಳು ಪಟ್ಟಣದಲ್ಲಿ ಯಾರೂ ಊದದ ಸೀಟಿ ಕೇಳುತ್ತದೆ ಎಂದು ಚಾರಣದ ಕರಪತ್ರದಲ್ಲೂ ಅಚ್ಚಾಯಿತು. ಅದು ತನ್ನದೇ ಸೀಟಿ ಎಂದು ತಿಳಿದವಳು ಬಾಲದಕ್ಕ ಒಬ್ಬಳೇ. ಆದರೂ ಮೂರನೆಯ ವರ್ಷದಿಂದ ಒಂಟಿ ಬಾಗಿಲನ್ನು ದಾಟಿ ಬರುವಾಗ ಅವಳಿಗೂ ಕೇಳತೊಡಗಿತು. ಎರಡು ಗಿಡ್ಡ ದನಿ, ಬೆನ್ನ ಹಿಂದಿನಿಂದ. ಅವಳು ತಿರುಗಿ ನೋಡುತ್ತಿರಲಿಲ್ಲ.

ಎರಡನೆಯ ದಿನದ ಏರುದಾರಿಯಲ್ಲಿ ಸ್ಟುಡಿಯೋದವನ ಮಗಳು ಬೇಕೆಂದೇ ಹಿಂದೆ ಬಿದ್ದು ಅವಳ ಜೊತೆ ನಡೆದಳು. ಇಪ್ಪತ್ತಾರರ ಹೆಣ್ಣು, ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ. ಏನು ಮುಟ್ಟಿದರೂ ಬೆರಳ ತುದಿಯಿಂದ ಅಳೆದು ಮುಟ್ಟುತ್ತಿದ್ದಳು.

"ಅಕ್ಕ, ನಾನ್ಯಾರು ಅಂತ ನಿಮಗೆ ಗೊತ್ತಾಗಿದೆ ಅಲ್ವಾ?"

"ಅರ್ಜಿ ನೋಡಿದೆ."

"ನಿಮ್ಮಣ್ಣ ಆಗ ನಮ್ಮನೆಗೆ ಬಂದಿದ್ರು. ಅಮ್ಮನ ಮುಂದೆ ಕೂತು, 'ಉತ್ತರ ಬಂದಿದ್ದು ನಿಜ ತಾಯಿ, ನನ್ನ ಮಕ್ಕಳಾಣೆ' ಅಂದ್ರು. ಅಮ್ಮ ಸುಳ್ಳುಗಾರ ಅಂತ ಬೈದು ಕಳಿಸಿದ್ಲು. ಈಗ ಅವಳಿಗೇ ಅನುಮಾನ. ಸುಳ್ಳು ಹೇಳೋನಾಗಿದ್ರೆ ಅಷ್ಟು ದೂರ ಬಸ್ ಹತ್ತಿ ಯಾಕೆ ಬರ್ತಿದ್ದ ಅಂತಾಳೆ." ಅವಳು ಜಿಗಣೆಯೊಂದನ್ನು ಕಾಲಿನಿಂದ ಬಿಡಿಸಿ ಎಸೆದಳು. "ಅಪ್ಪ ಸಿಗಲ್ಲ, ಅದು ಗೊತ್ತು. ಅವತ್ತು ಊದಿದ್ದು ಯಾರು ಅಂತ ಗೊತ್ತಾದ್ರೆ ಸಾಕು. ಅಪ್ಪನೇ ಏನಾದ್ರೂ ಊದಿದ್ನಾ ಅಂತ ಅಮ್ಮ ದಿನಾ ಕೇಳ್ತಾಳೆ. ಕರೀತಿದ್ನಾ, ಯಾರೂ ಹೋಗ್ಲಿಲ್ವಾ ಅಂತ."

ಬಾಲದಕ್ಕನಿಗೆ ಇದು ಹೊಳೆದಿರಲಿಲ್ಲ. ತಾನಾಡಿದ ಸುಳ್ಳು ಒಂದೇ ಮನೆ ಹೊಕ್ಕಿದೆ ಎಂದುಕೊಂಡಿದ್ದಳು. ಅದು ಪೇಟೆಬೀದಿಯ ಮೇಲ್ಮಹಡಿಗೂ ಹೋಗಿ ಕೂತಿತ್ತು.

"ಕಲ್ಲು ಜಾರುತ್ತೆ, ನೋಡ್ಕೊಂಡು ನಡೀರಿ," ಎಂದಷ್ಟೇ ಹೇಳಿದಳು.

ಮೂರನೆಯ ದಿನ ಇಡೀ ಪಟ್ಟಣ ಸುತ್ತಿದರು. ಬೇರುಗಳು ಹಿಂಡಿ ಒಡೆದ ಸಭಾಂಗಣ, ಮುಖ ಸವೆದ ಕಂಬದ ಗೊಂಬೆಗಳು, ಯಾವ ಮಹಡಿಗೂ ಹೋಗದ ಮೆಟ್ಟಿಲು. ಸಂಜೆ ಒಲೆಯ ಮುಂದೆ ತಂಡದ ಅಡುಗೆಯವ ಸೌಟು ಆಡಿಸುತ್ತ ಶುರು ಹಚ್ಚಿದ.

"ನಾಳೆ ಬೆಳಗ್ಗೆ ಆ ಬಾಗಿಲ ಹತ್ರ ಯಾರೂ ಮಾತಾಡಬೇಡಿ. ಕಿವಿ ಕೊಟ್ಟು ಕೇಳಿ. ಪೀಂ ಪೀಂ ಅಂತ ಎರಡು ಸಲ. ಇನ್ನೂರು ವರ್ಷದ ಹಿಂದಿನ ಕಾವಲುಗಾರ ಅಂತೆ."

"ಕೇಳೋದು ಗ್ಯಾರಂಟಿನಾ?" ಎಂದರು ಚಾರಣಕ್ಕೆ ಬಂದಿದ್ದ ಔಷಧಿ ಅಂಗಡಿಯವರು. ಅವರು ಎಲ್ಲದಕ್ಕೂ ಗ್ಯಾರಂಟಿ ಕೇಳುವ ಪೈಕಿ.

"ಅದು ಕೇಳದಿದ್ರೆ ನನ್ನ ಗೊರಕೆ ಇದೆಯಲ್ಲ ಸಾರ್, ಅದು ಗ್ಯಾರಂಟಿ."

ಎಲ್ಲರೂ ನಕ್ಕರು. ಸ್ಟುಡಿಯೋದವನ ಮಗಳು ಮಾತ್ರ ತಟ್ಟೆಯನ್ನು ನೆಲಕ್ಕಿಟ್ಟು ಡೇರೆಯೊಳಗೆ ಹೋದಳು. ಮುಂದಾಳಾದ ಅಣ್ಣನ ಮಗ ಅಡುಗೆಯವನ ಕಡೆ ಕಣ್ಣು ಬಿಟ್ಟ. ಆಮೇಲೆ ಬಾಲದಕ್ಕನ ಪಕ್ಕ ಬಂದು ಕೂತು ತಗ್ಗಿದ ದನಿಯಲ್ಲಿ, "ಜನಾನ ಕಾಡಲ್ಲಿ ಬಿಟ್ಟುಬಂದವನ ಮಗ ಅಂತ ಇವತ್ತಿಗೂ ನನ್ನ ಬೆನ್ನ ಹಿಂದೆ ಆಡ್ಕೋತಾರೆ ಅತ್ತೆ. ದೆವ್ವ ಊದಿದ್ದು ಅಂದ್ರೆ ಅಪ್ಪಂಗೆ ಹುಚ್ಚು. ದೆವ್ವ ಊದ್ಲಿಲ್ಲ ಅಂದ್ರೆ ಅಪ್ಪ ಸುಳ್ಳುಗಾರ. ನನಗೆ ಯಾವುದು ಒಳ್ಳೇದು, ನೀನೇ ಹೇಳು," ಎಂದ. ಅವಳು ಬೂದಿಯನ್ನು ಕಡ್ಡಿಯಿಂದ ಕೆದಕುತ್ತ ಕೂತಳು.

ನಾಲ್ಕನೆಯ ಬೆಳಗ್ಗೆ ಮಂಜು ಕಟ್ಟಿತ್ತು. ಮುಂದಾಳು ಆರು ಜನರನ್ನು ಕರೆದುಕೊಂಡು ಮುಂದೆ ಹೋದ. ಅಡುಗೆಯವ ಪಾತ್ರೆ ಹೊತ್ತು ಅವರ ಹಿಂದೆ ಹೋದ. ಸ್ಟುಡಿಯೋದವನ ಮಗಳು ಒಂಟಿ ಬಾಗಿಲ ಮುಂದೆ ನಿಂತುಬಿಟ್ಟಳು.

"ಒಂದು ನಿಮಿಷ ಅಕ್ಕ. ಒಳಗೆ ಹೋಗಿ ಬರ್ತೀನಿ. ನೀವು ನಡೀತಿರಿ."

"ನಾನು ನಡೆಯಲ್ಲ," ಎಂದಳು ಬಾಲದಕ್ಕ. "ಹೋಗಿ ಬನ್ನಿ. ಇಲ್ಲೇ ನಿಂತಿರ್ತೀನಿ."

ಹುಡುಗಿ ಚೌಕಟ್ಟು ದಾಟಿ ನಾಲ್ಕು ಹೆಜ್ಜೆ ಇಟ್ಟಳು. ಮಂಜಿನಲ್ಲಿ ಅವಳ ಬೆನ್ನುಚೀಲದ ಕೆಂಪು ಬಣ್ಣ ಮಾಸಿತು. ಆಗ ಮುಂದಿನಿಂದ ಉದ್ದನೆಯ ಸೀಟಿ ಬಂತು.

ಬಾಲದಕ್ಕನ ಕೈ ಮೇಲೆದ್ದಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದಳು. ಸೀಟಿಯನ್ನು ಕೊರಳಿಂದ ತೆಗೆದು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದಳು. ಎರಡನೆಯ ಸೀಟಿಗೆ ಕಾದಳು.

ಬಾಗಿಲಾಚೆಯಿಂದ, ಕೊಳದ ದಿಕ್ಕಿನಿಂದ, ಎರಡು ಗಿಡ್ಡ ದನಿ ಕೇಳಿಸಿತು.

ಹುಡುಗಿ ಒಮ್ಮೆಲೇ ತಿರುಗಿದಳು. ಅವಳ ಕಣ್ಣು ಹೋದದ್ದು ಬಾಲದಕ್ಕನ ಕೈಗಳ ಮೇಲೆ. ಅವು ಖಾಲಿ ಇದ್ದವು. ಎಲೆಯಿಂದ ಎಲೆಗೆ ಹನಿ ಬೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಮುಂದಾಳು ಉತ್ತರ ಬಂತೆಂದು ನಡೆದುಬಿಡಬೇಕಿತ್ತು. ಯಾಕೋ ಅವನಿಗೆ ಕಾಲು ಬರಲಿಲ್ಲವಂತೆ. ಎಲ್ಲರನ್ನೂ ಕೂರಿಸಿ ಏದುಸಿರು ಬಿಡುತ್ತ ಓಡಿಬಂದ.

"ಉತ್ತರ ಕೊಟ್ಟೆಯಲ್ಲ ಅತ್ತೆ, ಮತ್ತ್ಯಾಕೆ ಇಲ್ಲೇ ನಿಂತಿದೀಯಾ?"

ಬಾಲದಕ್ಕ ಜೇಬಿನ ಗುಂಡಿ ಬಿಚ್ಚಿ ಸೀಟಿಯನ್ನು ತೆಗೆದು ತೋರಿಸಿದಳು.

"ಹಾಗಾದ್ರೆ ಅಪ್ಪ ಹೇಳಿದ್ದು…" ಎಂದ.

ಈಗ ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಣ್ಣ ಸುಳ್ಳುಗಾರನಲ್ಲ, ಹುಚ್ಚನೂ ಅಲ್ಲ. ಸಾಕ್ಷಿಗೆ ಇಬ್ಬರು ಇದ್ದರು. ಬಾಲದಕ್ಕನಿಗೂ ಏನೂ ಆಗುತ್ತಿರಲಿಲ್ಲ. ಪೇಟೆಬೀದಿಯ ಮೇಲ್ಮಹಡಿಯಲ್ಲಿ ಮಾತ್ರ ಒಬ್ಬ ಹೆಂಗಸು ತನ್ನ ಗಂಡ ಕರೆಯುತ್ತಲೇ ಇದ್ದಾನೆ ಎಂದುಕೊಂಡು ಸಾಯುವ ತನಕ ಕೂತಿರುತ್ತಿದ್ದಳು.

"ಇವತ್ತಿನದು ನನ್ನದಲ್ಲ," ಎಂದಳು ಬಾಲದಕ್ಕ. "ಅವತ್ತಿನದು ನನ್ನದು."

ಇಬ್ಬರೂ ಅವಳನ್ನೇ ನೋಡಿದರು. ಅವಳು ಬೂಟಿನ ಅಟ್ಟೆಯಿಂದ ಹಿಡಿದು ಅಧಿಕಾರಿಯ ಕೋಣೆಯವರೆಗೆ ಒಂದೂ ಬಿಡದೆ ಹೇಳಿದಳು. ಹೇಳುವಾಗ ಅಳಲಿಲ್ಲ. ಹುಡುಗಿ ಅಡ್ಡ ಬಾಯಿ ಹಾಕದೆ ಕೇಳಿ, ಕೊನೆಗೆ, "ಅಪ್ಪ ಊದಿದ್ದಲ್ಲ," ಎಂದಳು.

"ಅಲ್ಲ. ಅವರ ಹತ್ರ ಸೀಟಿನೇ ಇರ್ಲಿಲ್ಲ."

"ಅದೊಂದು ಆಯ್ತು," ಎಂದು ಹುಡುಗಿ ಬಾಗಿಲು ದಾಟಿ ಈಚೆ ಬಂದಳು. ಬಾಲದಕ್ಕನ ಮುಖ ನೋಡದೆ ಮುಂದೆ ನಡೆದಳು. ಹೊಳೆ ದಾಟಿದ ಮೇಲೂ, ಮರುದಿನ ಇಡೀ ದಾರಿಯಲ್ಲೂ ಅವಳ ಜೊತೆ ಮಾತಾಡಲಿಲ್ಲ. ಅಣ್ಣನ ಮಗ ಒಂದೇ ಮಾತು ಆಡಿದ: "ಅಪ್ಪಂಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ."

ಐದನೆಯ ದಿನ ಮಧ್ಯಾಹ್ನ ಅಣ್ಣ ಕಿಟಕಿಯ ಬೆಳಕಿಗೆ ಜಿಪ್ಪು ಹಿಡಿದು ಕೂತಿದ್ದ. ಬಾಲದಕ್ಕ ಕೆಸರಿನ ಬೂಟಿನಲ್ಲೇ ಒಳಗೆ ಬಂದಳು. ಹೇಳಿದಳು. ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೆರಗು ಬಾಯಿಗೊತ್ತಿ ನಿಂತಿದ್ದಳು.

"ಊದು," ಎಂದ ಅಣ್ಣ.

"ಇಲ್ಲೇ?"

"ಊದು ಅಂದೆ."

ಅವಳು ಊದಿದಳು. ಅವನು ಕಣ್ಣು ಮುಚ್ಚಿ ಕೇಳಿದ.

"ಇದೇ," ಎಂದ. ಡೇರೆಬಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನಾನು ಬೇರೆ ಇನ್ಯಾವುದನ್ನೂ ಕೇಳೇ ಇಲ್ಲ. ಹನ್ನೊಂದು ವರ್ಷ ನಿನ್ನ ಸೀಟಿಗೆ ಹೆದರಿಕೊಂಡು ಕೂತಿದ್ನಲ್ಲೇ," ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ಅತ್ತಿಗೆಗೆ ಹೇಳಿದಳು.

ಮಗ ಬಾಗಿಲಲ್ಲಿ ನಿಂತಿದ್ದ. ಅಣ್ಣ ಅವನ ಕಡೆ ತಿರುಗಿ, ರೂಢಿಯಂತೆ ಕೇಳಿದ: "ಈ ಸಲ ಕೇಳಿಸ್ತಾ?"

ಮಗ ಅತ್ತೆಯ ಮುಖ ನೋಡಿದ. ಬಾಲದಕ್ಕ ತಲೆ ತಗ್ಗಿಸಿದಳು.

"ಇಲ್ಲಪ್ಪ. ಏನೂ ಕೇಳಿಸ್ಲಿಲ್ಲ."

ಸೋಮವಾರ ಅಣ್ಣತಂಗಿಯರು ಒಂದೇ ಬಸ್ಸಿನಲ್ಲಿ, ಬೇರೆಬೇರೆ ಸೀಟಿನಲ್ಲಿ ಕೂತು ಅರಣ್ಯ ಕಚೇರಿಗೆ ಹೋದರು. ಸ್ಟುಡಿಯೋದವನ ಮಗಳು ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಬಾಲದಕ್ಕ ಹೊಸ ಹೇಳಿಕೆ ಬರೆಸಿ ರುಜು ಹಾಕಿ, ತನ್ನ ಪರವಾನಗಿಯ ಚೀಟಿಯನ್ನು ಮೇಜಿನ ಮೇಲಿಟ್ಟಳು. ಸಾಕ್ಷಿಯ ಜಾಗದಲ್ಲಿ ಹುಡುಗಿ ರುಜು ಹಾಕಿದಳು.

ಮುಂದಿನ ಚಾರಣ ಗುರುವಾರ ಹೊರಡುತ್ತದೆ. ಒಂಬತ್ತು ಜನ ಹೆಸರು ಕೊಟ್ಟಿದ್ದಾರೆ. ಕೊನೆಗೆ ನಡೆಯುವವನು ಅಡುಗೆಯವ. ಸೀಟಿ ಅವನ ಕೊರಳಲ್ಲಿದೆ.