ಮೂರು ಅಡಿ ಆಚೆ ಸರಿದ ಮನೆ

ನಾನು ಒಮ್ಮೆ ಪಕ್ಕದ ಮನೆಯನ್ನು ಮೂರು ಅಡಿ ಆಚೆ ಸರಿಸಿದ್ದೇನೆ. ಜೆಸಿಬಿ ಇಲ್ಲ, ಕೂಲಿಯಾಳಿಲ್ಲ. ಎಡಗೈಯಲ್ಲಿ ಚುರುಮರಿ ತಿನ್ನುತ್ತಾ ಬಲಗೈಯಲ್ಲಿ ಮೌಸ್ ಎಳೆದೆ, ಅಷ್ಟೇ. ಸಂಜೀವಿನಿ ಗುಡ್ಡ ಎತ್ತಿದ ದೇವರು ಹುಟ್ಟಿದ ಜಿಲ್ಲೆಯವನು ನಾನು, ಒಂದು ಮನೆಯನ್ನಾದರೂ ಎತ್ತದಿದ್ದರೆ ಹೇಗೆ? ಅದಕ್ಕೆ ಪಿಡಿಎಫ್ ಸಾಕ್ಷಿಯೂ ಇದೆ.

ಇದು ಮತ್ತೆ ನೆನಪಾದದ್ದು ಹೋದ ವಾರ. ಕುಷ್ಟಗಿ ಬಸ್ ನಿಲ್ದಾಣದ ಹಿಂದೆ ನನ್ನ ಆಫೀಸಿದೆ. ಆಫೀಸೆಂದರೆ ಒಂದು ಶಟರು, ಒಂದು ಕಂಪ್ಯೂಟರು, ‘ಆನ್‌ಲೈನ್ ಪ್ಲಾನ್ ಮಾಡಿಕೊಡಲಾಗುವುದು’ ಎಂಬ ಬೋರ್ಡು. ಗಿರಾಕಿಯೊಬ್ಬ ಎದುರು ಕೂತು ತನ್ನ ಸೈಟಿನ ಅಳತೆ ಹೇಳುತ್ತಿದ್ದ. ಅಷ್ಟರಲ್ಲಿ ಮೇಲಿನ ಮನೆಯಿಂದ ತುಪ್ಪದಲ್ಲಿ ಶ್ಯಾವಿಗೆ ಹುರಿಯುವ ವಾಸನೆ ಇಳಿದು ಬಂತು. ಅಳತೆ ಬರೆಯುತ್ತಿದ್ದ ನನ್ನ ಕೈ ಹಾಗೇ ನಿಂತಿತು…

ನಮ್ಮ ಪಕ್ಕದ ಮನೆಯ ಖಾಲಾ, ಅಂದರೆ ಓಣಿಗೆಲ್ಲ ಚಿಕ್ಕಮ್ಮ, ಶ್ಯಾವಿಗೆ ಮಾಡುತ್ತಿದ್ದರು. ಬೇಸಿಗೆ ಬಂದರೆ ಓಣಿಯ ಹೆಂಗಸರೆಲ್ಲ ಹಿಟ್ಟಿನ ಡಬ್ಬಿ ಹಿಡಿದು ಅವರ ಬಾಗಿಲಲ್ಲಿ ಕೂಡುತ್ತಿದ್ದರು. ಅವರ ಮನೆಗೂ ನಮ್ಮ ಮನೆಗೂ ಇದ್ದದ್ದು ಒಂದೇ ಗೋಡೆ. ಯಾರು ಕಟ್ಟಿದರೋ, ಯಾವಾಗ ಕಟ್ಟಿದರೋ, ಅವರ ತೊಲೆಗಳೂ ಅದರ ಮೇಲೆ, ನಮ್ಮ ತೊಲೆಗಳೂ ಅದರ ಮೇಲೆ. ಆ ಕಡೆ ಖಾಲಾ ಬೆಳಿಗ್ಗೆ ಶ್ಯಾವಿಗೆಯ ಮಷಿನ್ ಹಚ್ಚಿದರೆ ಈ ಕಡೆ ನಮ್ಮ ಅಡುಗೆಮನೆಯ ತಾಟುಗಳು ತಾಳ ಹಾಕುತ್ತಿದ್ದವು. ನಾನು ಎದ್ದು ಶಾಲೆಗೆ ಹೋದದ್ದು, ಆಮೇಲೆ ಕೊಪ್ಪಳದ ಡಿಪ್ಲೊಮಾ ಕಾಲೇಜಿಗೆ ಬಸ್ ಹಿಡಿದದ್ದು, ಎಲ್ಲ ಆ ತಾಟುಗಳ ಪುಣ್ಯ.

ಖಾಲಾನ ಮಗ ಟಂಟಂ ಆಟೊ ಓಡಿಸುತ್ತಿದ್ದ. ಸೊಸೆ ಚೊಚ್ಚಲ ಹೆರಿಗೆಗೆ ಗಂಗಾವತಿಯ ತವರಿಗೆ ಹೋಗಿದ್ದಳು. ಮನೆಯೆಂದರೆ ಒಂದು ಕೋಣೆ, ಒಂದು ಪಡಸಾಲೆ, ಪಡಸಾಲೆಯಲ್ಲಿ ಮಷಿನ್. ಕೂಸು ಬರುವುದರೊಳಗೆ ಮೇಲೆ ಒಂದು ಕೋಣೆ ಆಗಬೇಕು ಎಂಬುದೊಂದೇ ಖಾಲಾನ ಚಿಂತೆ. ಪ್ಲಾನ್ ಪಾಸಾಗದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಪ್ಲಾನ್ ಪಾಸಾಗಬೇಕೆಂದರೆ ಈಗ ಎಲ್ಲ ಆನ್‌ಲೈನ್. ಇಡೀ ಓಣಿಯಲ್ಲಿ ಆನ್‌ಲೈನ್ ಲಾಗಿನ್ ಇದ್ದ ಮಹಾಪುರುಷ ನಾನೊಬ್ಬನೇ. ಅದೂ ಹೊಸದಾಗಿ ಬಂದದ್ದು. ದಿನಕ್ಕೊಮ್ಮೆ ಸುಮ್ಮನೆ ಒಳಗೆ ಹೋಗಿ ನನ್ನ ಹೆಸರು ನೋಡಿಕೊಂಡು ಹೊರಗೆ ಬರುತ್ತಿದ್ದೆ.

“ಏನಪಾ ಇಂಜಿನಿಯರ, ಕಂಪ್ಯೂಟರ್‌ನಾಗ ಹಾಕಿದ್ರ ಯಾವಾಗ ಆಕ್ಕೈತಿ?” ಎಂದರು ಖಾಲಾ.

“ನೀವು ಶ್ಯಾವಿಗಿ ಒಣಗಿಸೂದ್ರಾಗ ಆಕ್ಕೈತಿ ನೋಡ್ರಿ ಖಾಲಾ.”

“ನಿನ್ನ ಬಾಯಿಗೆ ಸಕ್ರಿ ಹಾಕ್ತೀನಿ. ಆದ್ರ ನಿನ್ನ ಬಾಯಿ ನಂಬೂವಂಥಾದ್ದಲ್ಲ.”

ಅವರ ಮಾತೇ ಖರೆಯಾಯಿತು. ಮೊದಲಾದರೆ ಪ್ಲಾನ್ ತಪ್ಪಿದರೆ ಪುರಸಭೆಯ ಸಾಹೇಬರು ಬೈಯುತ್ತಿದ್ದರಂತೆ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಹೀಗಲ್ಲ ಹೀಗೆ ಎನ್ನುತ್ತಿದ್ದರಂತೆ. ಕಂಪ್ಯೂಟರಿಗೆ ಬೈಯುವಷ್ಟೂ ಪ್ರೀತಿ ಇಲ್ಲ. ‘ಪಕ್ಕದಲ್ಲಿ ಬಿಡಬೇಕಾದ ಜಾಗ ಮೂರು ಅಡಿ, ಬಿಟ್ಟದ್ದು ಸೊನ್ನೆ, ತಿರಸ್ಕೃತ’ ಎಂದಿತು. ನಾನು ಗೆರೆ ದಪ್ಪ ಮಾಡಿ ಕಳಿಸಿದೆ, ತಿರಸ್ಕೃತ. ಬಣ್ಣ ಬದಲಿಸಿ ಕಳಿಸಿದೆ, ತಿರಸ್ಕೃತ. ಕೈಮುಗಿದು ಕಳಿಸಿದೆ…

ಪಾಸಾದರೆ ಹಸಿರು, ಇಲ್ಲದಿದ್ದರೆ ಕೆಂಪು ಎಂಬುದನ್ನು ಖಾಲಾ ಕಲಿತುಕೊಂಡಿದ್ದರು. ಸಂಜೆ ನಾನು ಹಿತ್ತಲಿಗೆ ಕಾಲಿಟ್ಟರೆ ಸಾಕು, ಆ ಕಡೆಯಿಂದ ಧ್ವನಿ ಬರುತ್ತಿತ್ತು: “ಹಸರ ಬಂತೇನಪಾ?” ಅದಕ್ಕೆ ಹೆದರಿ ನಾನು ಹಿತ್ತಲನ್ನೇ ಬಿಟ್ಟೆ. ಬೀದಿಯ ನಲ್ಲಿಯಲ್ಲಿ ಕೈಕಾಲು ತೊಳೆಯಲು ಶುರು ಮಾಡಿದೆ. ಅವ್ವ ನನಗೆ ಗಾಳಿ ಸೋಕಿದೆಯೆಂದು ಉಪ್ಪು ಇಳಿಸಿದಳು. ಕನಸಿನಲ್ಲೂ ಕೆಂಪು ಅಕ್ಷರ. ಒಂದು ದಿನ ಗಂಗಾವತಿಯಿಂದ ಫೋನ್ ಬಂದು ಖಾಲಾ ಕಿರುಚಿದರು. ಕೂಸು ಬಂದೇಬಿಟ್ಟಿತೆಂದು ನಾನು ಓಡಿಹೋದೆ. ಹೆರಿಗೆಗೆ ಇನ್ನು ಸ್ವಲ್ಪವೇ ದಿನ ಎಂದು ಡಾಕ್ಟರ್ ಅಂದರಂತೆ, ಅಷ್ಟೇ. ಆ ಗಾಬರಿಯಲ್ಲೇ ಹೋಗಿ ಕಂಪ್ಯೂಟರಿನಲ್ಲಿ ಅವರ ಮನೆಯನ್ನು ಎಳೆದೆ. ಆಚೆ ಬದಿಗೆ ಅವರದೇ ಖುಲ್ಲಾ ಜಾಗ ಇತ್ತು. ಮನೆ ಅಲ್ಲಿಗೆ ಸರಿಯಿತು. ಎರಡು ಮನೆಗಳ ನಡುವೆ ಮೂರು ಅಡಿಯ ಓಣಿ ಹುಟ್ಟಿತು. ಕಳಿಸಿದೆ. ಹಸಿರು!

ಖಾಲಾ ಒಂದು ಡಬ್ಬಿ ಸುರಕುಂಬಾ, ಅದೇ ಹಾಲಿನ ಶ್ಯಾವಿಗೆ ಪಾಯಸ, ಕಳಿಸಿದರು. ನಾನು ನಾಚಿಕೆಯಿಲ್ಲದೆ ಎರಡು ಬಟ್ಟಲು ತಿಂದೆ. ಕಂಪ್ಯೂಟರ್ ಒಪ್ಪಿದ ಮೇಲೆ ಮನುಷ್ಯರು ಬಂದು ನೋಡುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಪುರಸಭೆಯ ಸಾಹೇಬರು ಪ್ರಿಂಟ್ ಹಿಡಿದು, ಟೇಪ್ ಹಿಡಿದು ಬಂದರು. ಎರಡು ಮನೆಗಳ ಎದುರು ನಿಂತು ಒಮ್ಮೆ ಹಾಳೆ ನೋಡಿದರು, ಒಮ್ಮೆ ಗೋಡೆ ನೋಡಿದರು. ನಾನು ಇಲ್ಲದ ಓಣಿಯನ್ನು ಮುಚ್ಚಲು ಗೋಡೆಗೆ ಬೆನ್ನು ಹಚ್ಚಿ ನಿಂತೆ.

“ತಮ್ಮಾ, ಸ್ವಲ್ಪ ಈಚಿಗೆ ಬಾ. ಇಲ್ಲಿ ಇರುವಿ ಹೋಗಾಕ ಜಾಗ ಇಲ್ಲ, ನಿನ್ನ ಪ್ಲಾನಿನಾಗ ಎಮ್ಮಿ ಹೋಗ್ತೈತಲ್ಲೋ!”

ಓಣಿಯವರು ಸೇರಿದರು. ಅಪ್ಪನೂ ಹೊರಗೆ ಬಂದ. ಖಾಲಾ ಪ್ರಿಂಟ್ ಇಸಿದುಕೊಂಡು ಹಿಟ್ಟು ಹತ್ತಿದ ಬೆರಳನ್ನು ಅದರ ಮೇಲೆ ಇಟ್ಟರು.

“ಇದು ಯಾರ ಮನಿ?”

“ನಿಮ್ದರಿ.”

“ಇದು?”

“ನಮ್ದು.”

“ಮತ್ತ ನಡುವ ಇದೇನು, ಬಿಳೇದು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಿಕ್ಕಿಬಿದ್ದಾಗ ನಗಿಸಿ ಪಾರಾಗುವುದು ನನ್ನ ಚಿಕ್ಕಂದಿನ ಚಟ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: “ನಿಮ್ಮ ಮಷಿನ್ ಸಪ್ಪಳಕ್ಕ ನಮ್ಮಪ್ಪಗ ನಿದ್ದಿ ಬರವಲ್ದು ಖಾಲಾ. ಅದಕ್ಕ ನಿಮ್ಮನ್ನ ಒಂದೀಟು ಆಚಿಗೆ ಸರಿಸೀನಿ!”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಓಣಿ ನಕ್ಕಿತು. ಅಪ್ಪನೂ ನಕ್ಕ. ಖಾಲಾ ಸೆರಗು ಸರಿಮಾಡಿಕೊಂಡು ನಕ್ಕರು. ಬಚಾವಾದೆ ಅಂದುಕೊಂಡೆ…

ಸಾಹೇಬರು ನನ್ನ ಆಫೀಸಿಗೇ ಬಂದು ಕಂಪ್ಯೂಟರ್ ತೆರೆಸಿದರು. ಮನೆಯ ಬಗೆ ಆರಿಸುವ ಜಾಗದಲ್ಲಿ ಮೊದಲು ಕಾಣುವುದು ‘ಬಿಡಿ ಮನೆ’. ನಾನು ಅದನ್ನೇ ಒತ್ತಿದ್ದೆ. ಸ್ವಲ್ಪ ಕೆಳಗಿಳಿಸಿದರೆ ‘ಕೂಡುಗೋಡೆಯ ಮನೆ’ ಎಂದು ಪಾಪ ಅದೂ ಕೂತಿತ್ತು. ನನ್ನ ಬೆರಳು ಅಲ್ಲಿಯವರೆಗೆ ಹೋಗಿರಲಿಲ್ಲ. “ಹಳೇದು ರದ್ದು ಮಾಡಿ ಹೊಸದು ಹಾಕು. ಗ್ವಾಡಿ ಯಾರದಂತ ಎರಡೂ ಮನಿಯವರು ಬರದುಕೊಡಲಿ,” ಎಂದು ಹೇಳಿ ಹೋದರು.

ಅಲ್ಲಿ ಶುರುವಾಯಿತು ನೋಡಿ. ಗೋಡೆಗಾಗಿ ಬಡಿದಾಡಿದವರನ್ನು ಕೇಳಿದ್ದೇವೆ. ನಮ್ಮಲ್ಲಿ ಉಲ್ಟಾ.

“ಗ್ವಾಡಿ ಅವರ್ದು. ನಮ್ಮಪ್ಪ ಹಂಗ ಹೇಳ್ತಿದ್ದ. ನಾ ಅವರ್ದಂತನ ಸಹಿ ಮಾಡಾಂವ,” ಎಂದ ಅಪ್ಪ.

“ಬ್ಯಾಡ್ರಿ ಅಣ್ಣಾರ, ಗ್ವಾಡಿ ನಿಮ್ದಂತನ ಬರೀರಿ,” ಎಂದರು ಖಾಲಾ. “ನಾವು ಆತುಗೊಂಡು ಇರ್ತೀವಿ, ಅಷ್ಟ ಸಾಕು.”

“ಅರೆ, ನಿಮ್ದಮ್ಮಾ!”

“ನಿಮ್ದರಿ!”

ನಡುವೆ ನಾನು ಬರೆಯದ ಹಾಳೆ ಹಿಡಿದು ನಿಂತಿದ್ದೆ. “ಇಬ್ರಿಗೂ ಬ್ಯಾಡಾದ್ರ ನನ್ನ ಹೆಸರಿಗೆ ಬರೀರಿ, ಎರಡೂ ಕಡೆ ಗೂಡು ಕೊರಿಸಿ ಡಬ್ಬಿ ಇಡ್ತೀನಿ,” ಎಂದಳು ಅವ್ವ. ಅಷ್ಟರಲ್ಲಿ ಗಂಗಾವತಿಯಿಂದ ಸುದ್ದಿ ಬಂತು: ಹೆಣ್ಣುಕೂಸು. ಖಾಲಾ ಕುಣಿಯಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು, “ಕೂಸಿನ್ನ ಎಲ್ಲಿ ಮಲಗಸಲೋ…” ಎಂದರು.

ತಡೆಯಲಾಗದೆ ಗೋಡೆ ಅವರದೆಂದು ಅಪ್ಪ ಬರೆದ ಪತ್ರವನ್ನೂ, ಗೋಡೆ ನಮ್ಮದೆಂದು ಖಾಲಾ ಬರೆಸಿದ ಪತ್ರವನ್ನೂ, ಎರಡನ್ನೂ ಹಾಕಿಬಿಟ್ಟೆ. ಮರುದಿನ ಸಾಹೇಬರ ಫೋನ್. ನನ್ನ ಲಾಗಿನ್ ಹೋಯಿತು ಎಂದುಕೊಂಡೇ ಎತ್ತಿದೆ.

“ಏನಪಾ, ನಿಮ್ಮ ಓಣ್ಯಾಗ ಮಂದಿಗೆ ತಲಿ ಸರಿ ಐತಿಲ್ಲೋ? ಹೋಗಲಿ ಬಿಡು. ಇಬ್ರೂ ಬಿಟ್ಟುಕೊಟ್ಟಾರಂದ್ರ ತಕರಾರು ಯಾರದೂ ಇಲ್ಲಂತಾತು.”

ಪಾಸಾಯಿತು. ಸಾಲ ಬಂತು, ಸ್ಲ್ಯಾಬ್ ಬಿತ್ತು. ಗಂಗಾವತಿಯಿಂದ ಕೂಸು ಬಂದಾಗ ಗೋಡೆಗೆ ಬಳಿದ ಗಿಲಾಯಿ ಇನ್ನೂ ಹಸಿಯಿತ್ತು, ಆದರೂ ಮೇಲೊಂದು ಕೋಣೆ ಇತ್ತು. ಅದೇ ಹೊತ್ತಿಗೆ ಖಾಲಾ ತಮ್ಮ ಮಷಿನ್ನನ್ನು ಪಡಸಾಲೆಯಿಂದ ತೆಗೆದು ಆಚೆ ಬದಿಯ ಖುಲ್ಲಾ ಜಾಗಕ್ಕೆ ಒಯ್ದರು. ಮೇಲೆ ನಾಲ್ಕು ತಗಡು. ನಮ್ಮೂರ ಬಿಸಿಲಿಗೆ ತಗಡಿನ ಕೆಳಗೆ ಕೂತು ಶ್ಯಾವಿಗೆ ತಿರುವುವುದೆಂದರೆ ಆಟವಲ್ಲ. ಕೂಸಿನ ನಿದ್ದೆಗಾಗಿ ಇರಬೇಕು ಎಂದುಕೊಂಡೆ. “ಖಾಲಾ, ಶ್ಯಾವಿಗಿ ಅಲ್ಲೇ ಬೇಯ್ತಾವೇನು?” ಎಂದು ಕೇಳುತ್ತಿದ್ದೆ. ಅವರು ಬೆವರು ಒರೆಸಿಕೊಂಡು ನಗುತ್ತಿದ್ದರು.

ಹೋದ ವರ್ಷ ಒಂದು ಮಧ್ಯಾಹ್ನ ಅಲ್ಲಿಯೇ ಎದೆ ಹಿಡಿದುಕೊಂಡು ಕೂತರಂತೆ. ಮಗ ತನ್ನ ಟಂಟಂನಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಓಡಿದ… ದಾರಿಯಲ್ಲೇ ಎಲ್ಲ ಮುಗಿದಿತ್ತು.

ಮೊನ್ನೆ ರವಿವಾರ ಅವರ ಮನೆಗೆ ಹೋಗಿದ್ದೆ. ಸೊಸೆ ಕೂಸಿನ ತಲೆ ಬಾಚುತ್ತಿದ್ದಳು. ಕೂಸೆಂದರೆ ಈಗ ಅಂಗನವಾಡಿಗೆ ಹೋಗುವ ಗಟ್ಟಿಗಿತ್ತಿ. ನಾನು ತಗಡಿನ ಕಡೆ ನೋಡುತ್ತಾ, “ಈಕಿ ನಿದ್ದಿ ಸಲುವಾಗಿ ಖಾಲಾ ಆ ಬಿಸಲಾಗ ಎಷ್ಟು ಬೆಂದ್ರು ನೋಡ್ರಿ ಭಾಬಿ,” ಎಂದೆ.

ಆಕೆಯ ಕೈಯಲ್ಲಿ ಬಾಚಣಿಗೆ ನಿಂತಿತು.

“ಈಕಿ ಸಲುವಾಗಿ ಅಲ್ಲ ಭೈಯಾ. ಈಕಿ ಆ ತಗಡಿನ ಕೆಳಗೂ ಮಷಿನ್ ಬಾಜೂಕನ ಮಲಗತಿದ್ಲು. ಸಾಹೇಬ್ರು ಪ್ಲಾನ್ ನೋಡಾಕ ಬಂದ ದಿನ ನೀವು ಅಂದಿದ್ರಂತಲ್ಲ, ಸಪ್ಪಳಕ್ಕ ಅಪ್ಪಾರಿಗೆ ನಿದ್ದಿ ಬರಂಗಿಲ್ಲಂತ… ‘ನಕ್ಕೊಂತ ಹೇಳ್ಯಾರ, ಆದ್ರ ಹೇಳ್ಯಾರ. ಅವರು ಇನ್ನೊಮ್ಮೆ ಹೇಳೂದ್ರಾಗ ನಾವ ಸರಿಯೂದು ಛಲೋ’ ಅಂತ ಅಮ್ಮಿ ತಾವ ಮಷಿನ್ ಎತ್ತಿಸಿದ್ರು.”