ಗಿರಿಜಾ ಅವರ ಹೆಸರಿನಲ್ಲಿ ಕೊಟ್ಟ ಒಪ್ಪಿಗೆ

ಗಿರಿಜಾ ಅವರೇ, ಆ ದಿನ ನಿಮ್ಮ ಹೆಸರಿನಲ್ಲಿ ಒಪ್ಪಿಗೆ ಒತ್ತಿದವನು ನಾನು. ನೀವು ಒತ್ತಿಲ್ಲವೆಂದು ನಿಮಗೆ ಗೊತ್ತಿತ್ತು. ಒತ್ತಿದ್ದು ಯಾರೆಂದೂ ಗೊತ್ತಿತ್ತು. ಗೊತ್ತಿಲ್ಲದವರು ಉಳಿದವರೆಲ್ಲ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೈಸೂರಿನ ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ನಾವಿಬ್ಬರೂ ಉಪಸಂಪಾದಕರು, ಅಕ್ಕಪಕ್ಕದ ಮೇಜು. ಊರಿನ ಹಳೆಯ ಬಡಾವಣೆಗಳ ಬಗ್ಗೆ ವಿಶೇಷ ಸಂಚಿಕೆ ತರಲು ಹೊರಟಾಗ ಮಾಲೀಕರು ಒಂದು ಎಐ ಏಜೆಂಟನ್ನು ತಂದರು. ಹೇಳಿದ ಕೆಲಸವನ್ನು ತಾನೇ ಹುಡುಕಿಕೊಂಡು ಹೋಗಿ ಮಾಡುವ ತಂತ್ರಾಂಶ ಅದು. ಒಂಟಿಕೊಪ್ಪಲ್, ಜಯಲಕ್ಷ್ಮಿಪುರಂ ಬೀದಿಗಳ ಹಳೆಯ ಚಿತ್ರಗಳನ್ನು ಹೊರದೇಶದ ಸಂಗ್ರಹಗಳಿಂದ ಕೊಳ್ಳುವುದು ಅದರ ಕೆಲಸ. ಅಲ್ಲಿ ಕೊಡಬೇಕಾದದ್ದು ಕ್ರಿಪ್ಟೊ ಹಣ, ಬ್ಯಾಂಕಿನ ಹಂಗಿಲ್ಲದೆ ಅಂತರ್ಜಾಲದಲ್ಲೇ ಕೈ ಬದಲಾಗುವ ದುಡ್ಡು. ಬೇಕಾದಾಗ ಅದು ಪರದೆಯ ಮೇಲೆ ಒಂದು ಕೋರಿಕೆ ಬರೆಯುತ್ತಿತ್ತು: ಯಾರಿಗೆ, ಎಷ್ಟು, ಯಾಕೆ. ನೀವೂ ನಾನೂ ನಮ್ಮ ನಮ್ಮ ಗುಟ್ಟಿನ ಸಂಖ್ಯೆ ಹಾಕಿ ಒಪ್ಪಿದರೆ ಮಾತ್ರ ಹಣ ಹೋಗಬೇಕು.

ಮೊದಲ ದಿನವೇ ನೀವು ತಕರಾರು ತೆಗೆದಿರಿ. "ಕೇಳೋದು ಅದಕ್ಕೆ ಅಭ್ಯಾಸ ಆಗ್ಬುಟ್ರೆ, ಕೊಡೋದು ನಮಗೆ ಅಭ್ಯಾಸ ಆಗ್ಬುಡುತ್ತೆ ಕಣ್ರೀ."

"ಕೇಳ್ಲಿ ಬುಡಿ ಗಿರಿಜಮ್ಮ," ಎಂದೆ ನಾನು. "ಸಂಬಳ ಜಾಸ್ತಿ ಮಾಡಿ ಅಂತ ನಾವೂ ಕೇಳ್ತಾನೇ ಇದೀವಿ. ಯಾರು ಕೊಟ್ರು?"

ಮಾಲೀಕರೂ ನಕ್ಕರು. ನಿಮ್ಮ ಮಾತು ಅಲ್ಲಿಗೇ ಮುಗಿಯಿತು.

ನಮ್ಮ ಸುದ್ದಿಮನೆಯಲ್ಲೊಂದು ರೂಢಿ. ಅಚ್ಚಿಗೆ ಹೋಗುವ ಪ್ರತಿ ಪುಟದ ಪ್ರೂಫಿನ ಮೂಲೆಯಲ್ಲಿ ಇಬ್ಬರ ಕಿರುಸಹಿ ಇರಬೇಕು. ಒಬ್ಬರು ಹೊರಗಿದ್ದರೆ ಪುಟ ಕಾಯುವುದಿಲ್ಲ, ಇದ್ದವರೇ ಎರಡನ್ನೂ ಹಾಕುತ್ತಾರೆ. ನಿಮ್ಮ 'ಗಿ'ಯನ್ನು ನಾನು, ಮಹದೇವಪ್ಪ ಎಂಬ ನನ್ನ ಹೆಸರಿನ 'ಮ'ವನ್ನು ನೀವು ವರ್ಷಗಟ್ಟಲೆ ಗೀಚಿದ್ದೇವೆ. ಅದೇ ರೂಢಿಯನ್ನು ಹಣಕ್ಕೂ ತಂದವನು ನಾನು. ನಿಮ್ಮ ಗುಟ್ಟಿನ ಸಂಖ್ಯೆ ಕೊಡಿ ಎಂದು ಕೇಳಿದೆ. ಹಿಂದುಮುಂದು ನೋಡಿ ಕೊಟ್ಟಿರಿ. "ಆದ್ರೆ ಒತ್ತೋಕೆ ಮುಂಚೆ ನಂಗೊಂದು ಫೋನ್ ಮಾಡ್ಬುಡಿ ಸಾರ್," ಎಂದಿರಿ.

ಆ ದಿನ ನೀವು ವಿಜಯನಗರದಲ್ಲಿ ನಿವೃತ್ತ ಮೇಷ್ಟರೊಬ್ಬರ ಸಂದರ್ಶನಕ್ಕೆ ಹೋಗಿದ್ದಿರಿ. ಪುಟ ಕಳಿಸಲು ಅರ್ಧ ಗಂಟೆ ಉಳಿದಿತ್ತು. ಕೋರಿಕೆ ಬಂತು. ಅಪರೂಪದ ಚಿತ್ರಗಳ ಇಡೀ ಸಂಗ್ರಹ ಸಿಕ್ಕಿದೆ, ಒಟ್ಟಿಗೇ ಕೊಳ್ಳಬೇಕು ಎಂದು ಮೊದಲ ಸಾಲಿನಲ್ಲಿತ್ತು. ಅಷ್ಟನ್ನೇ ಓದಿದೆ. ನಿಮ್ಮ ಸಂಖ್ಯೆ ಹಾಕಿದೆ, ಆಮೇಲೆ ನನ್ನದು. ನನ್ನ ಫೋನ್ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು—

ಮೂರನೆಯ ಸಾಲನ್ನು ಓದಿದ್ದು ಹಣ ಹೋದ ಮೇಲೆ. 'ಮಾರುವವರು ಯಾರೆಂದು ಖಚಿತಪಡಿಸಿಕೊಳ್ಳಲು ಆಗಿಲ್ಲ, ಪರಿಶೀಲಿಸಿ ಒಪ್ಪಿಗೆ ಕೊಡಿ.' ಏಜೆಂಟ್ ಬರೆದಿತ್ತು, ಸ್ಪಷ್ಟವಾದ ಕನ್ನಡದಲ್ಲಿ. ಒಂದು ಚಿತ್ರವೂ ಬರಲಿಲ್ಲ. ಸಂಚಿಕೆಗೆಂದು ಇಟ್ಟಿದ್ದ ಹಣವೆಲ್ಲ ಹೆಸರಿಲ್ಲದ ಯಾವುದೋ ವಿಳಾಸಕ್ಕೆ ಸೇರಿತ್ತು; ಬ್ಯಾಂಕಿಗೆ ಓಡಿಹೋಗಿ ತಡೆಯಿರಿ ಎನ್ನುವಂಥ ವ್ಯವಹಾರವಲ್ಲ ಅದು. ತಲೆಬರಹ ಓದಿ ಸುದ್ದಿ ನಂಬಬೇಡಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನು. ಆ ದಿನ ಪತ್ರಕರ್ತನ ಕೆಲಸ ಮಾಡಿದ್ದು ಯಂತ್ರ.

ಇಷ್ಟಕ್ಕೇ ನಿಂತಿದ್ದರೆ ಅದು ಅವಸರದ ತಪ್ಪು. ನಿಲ್ಲಲಿಲ್ಲ.

ಮರುದಿನ ಮಾಲೀಕರು ನಮ್ಮಿಬ್ಬರನ್ನೂ ಕೋಣೆಗೆ ಕರೆದು ದಾಖಲೆ ತೆರೆದರು. ಮೊದಲು ನಿಮ್ಮ ಒಪ್ಪಿಗೆ, ಅದರ ಹಿಂದೆಯೇ ನನ್ನದು.

"ಏನಮ್ಮ ಇದು?"

"ನಾನು ಒತ್ತಿಲ್ಲ ಸಾರ್."

'ನನ್ನ ಸಂಖ್ಯೆ ಮಹದೇವಪ್ಪನವರಿಗೂ ಗೊತ್ತು' ಎಂದು ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನ ಕಡೆ ನೋಡಿದಿರಿ— ನಾನೇ ಹೇಳುತ್ತೇನೆಂದು. ನಾನು ಹೇಳಿದ್ದು ಇದು:

"ನಾನು ಒತ್ತೋ ಹೊತ್ತಿಗೆ ಗಿರಿಜಾ ಅವರ ಒಪ್ಪಿಗೆ ಆಗ್ಲೇ ಬಂದಿತ್ತು ಸಾರ್."

ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಕೋರ್ಟಿನ ವರದಿ ಬರೆದು ಬರೆದು ಕಲಿತ ಕಸುಬು— ಯಾರೂ ತಪ್ಪು ಹಿಡಿಯಲಾಗದ ವಾಕ್ಯ. ಜೀವನದಲ್ಲಿ ನಾನು ಬರೆದ, ಆಡಿದ ವಾಕ್ಯಗಳಲ್ಲಿ ಅಷ್ಟು ಹೊಲಸಾದದ್ದು ಇನ್ನೊಂದಿಲ್ಲ. ನೀವು ನನ್ನಿಂದ ಕಣ್ಣು ಹೊರಳಿಸಿದಿರಿ. ಕೋಣೆಯಿಂದ ಹೊರಗೆ ನಡೆದಿರಿ.

ಆ ವಾರವೇ ನೀವು ಕೆಲಸ ಬಿಟ್ಟಿರಿ. ಬಿಟ್ಟಿರಿ ಎನ್ನುವುದೂ ಅಂಥದ್ದೇ ವಾಕ್ಯ, ಬಿಡಿಸಿದರು. ಸುದ್ದಿ ಸಂಪಾದಕರ ಸ್ಥಾನಕ್ಕೆ ನಿಮ್ಮ ಹೆಸರು ಓಡಾಡುತ್ತಿತ್ತು, ಆ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಇನ್ನೊಂದು ಪತ್ರಿಕೆಯವರು ನಿಮ್ಮನ್ನು ತೆಗೆದುಕೊಳ್ಳುವ ಮೊದಲು ನನಗೆ ಫೋನ್ ಮಾಡಿ ವಿಚಾರಿಸಿದ್ದರು. ಇದು ನಿಮಗೆ ಗೊತ್ತಿಲ್ಲ. "ಕೆಲ್ಸಕ್ಕೆ ಒಳ್ಳೇರು. ದುಡ್ಡಿನ ವಿಷ್ಯ... ನಾನೇನೂ ಹೇಳೋಕಾಗಲ್ಲಪ್ಪ," ಎಂದೆ. ಅವರು ನಿಮ್ಮನ್ನು ತೆಗೆದುಕೊಳ್ಳಲಿಲ್ಲ. ನೀವೀಗ ಮುದ್ರಣಾಲಯವೊಂದಕ್ಕೆ ಲಗ್ನಪತ್ರಿಕೆಗಳ ಕರಡು ತಿದ್ದಿಕೊಡುತ್ತೀರಿ ಎಂದು ಕೇಳಿದೆ. ಬೇರೆಯವರ ಮನೆಯ ಹೆಸರುಗಳಲ್ಲಿ ಒಂದು ಕೊಂಬು, ಒಂದು ಇಳಿ ತಪ್ಪದಂತೆ ನೋಡಿಕೊಳ್ಳುತ್ತಿದ್ದೀರಿ. ನಿಮ್ಮ ಹೆಸರನ್ನು ನಾನು—

ನಿನ್ನೆ ಮಾಲೀಕರ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಪೇಪರ್‌ವೇಟ್ ತಿರುಗಿಸಿದರು. "ಹೋಗ್ಲಿ ಬುಡಿ ಮಹದೇವಪ್ನೋರೆ. ಆಯಮ್ಮನೂ ಸುಮ್ನಾಗವ್ರೆ. ಈಗ್ಯಾಕೆ ಕೆದಕ್ತೀರಿ? ನಾನು ಯಾರಿಗೂ ಹೇಳಲ್ಲ."

ಆಗ ನನ್ನ ಎದೆ ಹಗುರಾಯಿತು, ಗಿರಿಜಾ ಅವರೇ. ಅದನ್ನೂ ದಾಖಲಿಸಬೇಕು. ಹೇಳಿದ್ದೂ ಆಯಿತು, ಕುರ್ಚಿಯೂ ಉಳಿಯಿತು ಎಂಬ ನೆಮ್ಮದಿ. ಮೆಟ್ಟಿಲು ಇಳಿದು ಬರುವಾಗ ನನಗಾದದ್ದು ಕುರ್ಚಿ ಉಳಿದ ನೆಮ್ಮದಿ ಎಂಬುದು ಅರಿವಾಗಿ, ನನ್ನ ಬಗ್ಗೆ ಉಳಿದಿದ್ದ ಕೊನೆಯ ಗೌರವವೂ ಹೋಯಿತು.

ವಾಪಸು ಹತ್ತಿಹೋಗಿ ರಾಜೀನಾಮೆ ಕೊಟ್ಟೆ. ಅದರಿಂದ ನಿಮಗೆ ಏನೂ ದಕ್ಕುವುದಿಲ್ಲ, ಬಲ್ಲೆ. ಈ ಬರಹದ ಒಂದು ಪ್ರತಿಯನ್ನು, ಕೆಳಗೆ ನನ್ನ ಪೂರ್ತಿ ಹೆಸರಿನ ಸಹಿ ಹಾಕಿ, ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ತರುತ್ತೇನೆ. ಇನ್ನೊಂದು, ಅಂದು ಫೋನ್ ಮಾಡಿದ್ದ ಪತ್ರಿಕೆಯವರಿಗೆ. ಅಚ್ಚು ಹಾಕಿಸುವುದು, ಹರಿದು ಹಾಕುವುದು ನಿಮ್ಮ ಇಷ್ಟ. ನೀವು ಬಾಗಿಲು ತೆಗೆಯದಿದ್ದರೆ ಹೊಸ್ತಿಲ ಸಂದಿಯಲ್ಲಿ ತೂರಿಸಿ, ಮತ್ತೆ ಬೆಲ್ ಒತ್ತದೆ ಹೋಗುತ್ತೇನೆ.