ಸಹಿಯ ಮೇಲಿನ ಖಾಲಿ ಜಾಗ

ಇವತ್ತು ಬೆಳಿಗ್ಗೆ ಮಧುಗಿರಿ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಕೈಯಲ್ಲೊಂದು ಕಾಗದ. ಮೇಲೆ ಕಿರೀಟದ ಚಿತ್ರ, 'ಡ್ರಾಮಾ ಸೀನರಿ, ಶಿರಾ' ಎಂಬ ಅಚ್ಚು. ಕೆಳಗೆ ಸಹಿ, ಸೀಲು. ನಡುವೆ ಏನೂ ಇಲ್ಲ. ಕಾಗದಕ್ಕೆ, ನಾಟಕದ ಪರದೆ ಬಾಡಿಗೆಗೆ ಕೊಡುವ ಬಾಷಾ ಸಾಹೇಬರ ಗೋದಾಮಿನ ವಾಸನೆ ಅಂಟಿತ್ತು: ಪೇಂಟು, ಇಲಿ, ಹಳೇ ಕಡಲೆಕಾಯಿ ಚೀಲ. 'ಏನ್ ಬೇಕೋ ಬರ್ಕೋ ಬೇಟಿ, ನಿಂಗೆ ಕೆಲ್ಸ ಸಿಕ್ರೆ ಸಾಕು' ಎಂದು ಅವರೇ ಕೊಟ್ಟದ್ದು.

ಕೊರಟಗೆರೆ ಕಡೆಯ ಶಾಲೆಯೊಂದಕ್ಕೆ ನಾಟಕ ಕಲಿಸುವವರು ಬೇಕು. ನಟನೆ ಅಥವಾ ನಿರ್ದೇಶನದಲ್ಲಿ ಮೂರು ವರ್ಷದ ಅನುಭವ ಇರಬೇಕು. ನನಗೂ ಮೂರು ವರ್ಷದ ಅನುಭವವಿದೆ, ಪರದೆ ಕಟ್ಟಿದ್ದು. 'ಪ್ರಮುಖ ಪಾತ್ರಗಳಲ್ಲಿ ಅಭಿನಯಿಸಿರುತ್ತಾರೆ' ಎಂಬ ಒಕ್ಕಣೆಯನ್ನು ರಾತ್ರಿಯೇ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೆ.

ರಂಗಶಾಲೆಯ ಡಿಪ್ಲೊಮಾ ಹಿಡಿದು ಆ ಗೋದಾಮಿಗೆ ಮೊದಲ ಸಲ ಹೋದಾಗ ನನ್ನ ಮಾತು ನೀವು ಕೇಳಬೇಕಿತ್ತು. ಬೆಳಕಿನ ವಿನ್ಯಾಸ, ರಂಗದ ಲಯ ಎಂದೆಲ್ಲ ಹೇಳಿದೆ. ಸಾಹೇಬರು ಬೀಡಿ ಆರಿಸಿ, 'ಅದೆಲ್ಲಾ ಸರಿ ಕಣಮ್ಮ, ಏಣಿ ಹತ್ತೀಯಾ?' ಎಂದರು. ಹತ್ತಿದೆ. ಮದಲೂರು, ಪಾವಗಡ, ಊರಿನವರು ನಾಟಕ ಆಡುವಲ್ಲೆಲ್ಲ ನಮ್ಮ ಟೆಂಪೊ ಹೋಗುತ್ತಿತ್ತು. ನೆಂಟರು ಕೇಳಿದರೆ ಅಪ್ಪ, 'ಟಿ.ವಿ. ಕಡೆ ಟ್ರೈ ಮಾಡ್ತಾವ್ಳೆ' ಎನ್ನುತ್ತಿದ್ದ.

ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ, ತಪ್ಪಬಾರದು. ನಾನು ಸೇರಿ ಎರಡು ತಿಂಗಳಾಗಿತ್ತು. ಕೊಡಿಗೇನಹಳ್ಳಿಯಲ್ಲಿ ಮಧ್ಯಾಹ್ನ ಅರಮನೆಯ ಪರದೆ ಏರಿಸಿ, ಅದರ ಪೈಪನ್ನು ಹಗ್ಗದಿಂದ ಮೇಲೆ ಕಟ್ಟಿ ಗಂಟು ಹಾಕಿದವಳು ನಾನು. ರಂಗಶಾಲೆಯಲ್ಲಿ ಕಲಿತ ಗಂಟು. ಅಲ್ಲಿಯ ಹಗ್ಗ ನೂಲಿನದು, ಇಲ್ಲಿಯದು ಜಾರುವ ಹೊಸ ನೈಲಾನು. ಏಣಿ ಇಳಿದು ಎರಡು ಹೆಜ್ಜೆ ಇಟ್ಟಿರಬಹುದು. ಮೊದಲು ಸರ್ರೆಂಬ ಸದ್ದು, ಆಮೇಲೆ ಪೈಪು. ಕೆಳಗೆ ರಾಜನ ಪಾತ್ರದ ರಾಮಣ್ಣ ಕಿರೀಟ ಹಾಕಿ ನೋಡಿಕೊಳ್ಳುತ್ತಿದ್ದ. ರೇಷ್ಮೆ ಹುಳು ಸಾಕುವ ಮನುಷ್ಯ, ನಾಲ್ಕು ತಿಂಗಳಿಂದ ಮಾತು ಬಾಯಿಪಾಠ ಮಾಡಿದ್ದ. ಪೈಪು ಬಿದ್ದದ್ದು ಅವನ ಬಲಭುಜಕ್ಕೆ. ಭುಜಕ್ಕೂ ತಲೆಗೂ ಇರುವ ದೂರ ಎಷ್ಟೆಂದು ಈಗಲೂ ಒಮ್ಮೊಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ.

'ಪರ್ದೆ ಹರೀತೇನ್ರಲಾ?' ಎಂದು ಕೇಳಿದವನು ರಾಮಣ್ಣನೇ. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಬಂದು, ಆ ರಾತ್ರಿಯ ಆಟದಲ್ಲಿ ಎಡಗೈಯಲ್ಲಿ ಗದೆ ತಿರುಗಿಸಿದ. ಜನ ವನ್ಸ್ ಮೋರ್ ಎಂದರು. ನಾನು ಪರದೆಯ ಹಗ್ಗ ಹಿಡಿದು ಅಳುತ್ತಿದ್ದೆ.

ಎಲ್ಲವನ್ನೂ ಅಲ್ಲೇ ನಿಂತು ನೋಡಿದ್ದ ಸಾಹೇಬರು ಬೈಯಲಿಲ್ಲ. ಮುಂದಿನ ಊರಿನಲ್ಲಿ ನನ್ನ ಕೈಯಿಂದಲೇ ಗಂಟು ಹಾಕಿಸಿದರು. 'ಕಟ್ಟಿದೋರು ಮೊದ್ಲು ಕೆಳಗ್ ನಿಂತ್ಕಬೇಕು' ಎಂದರು. ನಿಂತೆ. ಅವರೂ ಬಂದು ಪಕ್ಕದಲ್ಲಿ ನಿಂತರು, ನನಗಿಂತ ಅರ್ಧ ಹೆಜ್ಜೆ ಮುಂದೆ. ಆಮೇಲೆ ಪ್ರತಿ ಊರಿನಲ್ಲೂ ಹಾಗೆಯೇ. ಇದು ರಂಗಭೂಮಿಯ ಅನುಭವ ಅಲ್ಲ ಎನ್ನುವವರು ಒಂದು ಸಲ ಬಂದು ಅಲ್ಲಿ ನಿಲ್ಲಲಿ.

'ಏನ್ ಬರೀಲಿ, ಯೋಳಮ್ಮ' ಎಂದರು ಕಂಪ್ಯೂಟರಿನ ಮುಂದೆ ಕೂತಿದ್ದ ಜೆರಾಕ್ಸ್ ಅಂಗಡಿಯ ಮಂಜಕ್ಕ.

ಫೋನು ಚೀಲದೊಳಗೆ ಹಾಕಿದೆ. 'ಬರಿ ಮಂಜಕ್ಕ. ಮೂರು ವರ್ಷ ಪರದೆ ಕಟ್ಟಿದ್ದಾರೆ. ಒಮ್ಮೆ ಇವರ ಗಂಟು ಜಾರಿ ಕಲಾವಿದರೊಬ್ಬರಿಗೆ ಪೆಟ್ಟಾಯಿತು. ಆಮೇಲೆ ಒಂದೂ ಜಾರಿಲ್ಲ.'

ಮಂಜಕ್ಕನ ಬೆರಳು ನಿಂತವು. 'ತಲೆ ಗಿಲೆ ಕೆಟ್ಟೈತಾ? ಇಂಥದ್ನ ಯಾರಾನಾ ಬರೆಸ್ತಾರಾ? ಕೆಲ್ಸ ಕೊಡಾಕಿಲ್ಲ ಅಷ್ಟೆ.'

'ಕೊಡದಿದ್ರೆ ಬುಡ್ಲಿ. ಅಲ್ಲೂ ಮಕ್ಕಳ ತಲೆ ಮೇಲೇ ತಾನೆ ಪರದೆ ಕಟ್ಟೋದು? ಓದ್ಕಂಡೇ ಕರೀಲಿ.'

'ಆಕ್ಟಿಂಗು ಅಂತ ಒಂದ್ ಸಾಲಾದ್ರೂ ಸೇರ್ಸ್ತೀನಿ ಕಣಮ್ಮ.'

'ಬ್ಯಾಡ.'

ಕಾಗದ ಬೆಚ್ಚಗೆ ಹೊರಬಂತು. ಎರಡು ಸಲ ಓದಿದೆ. ಸಾಹೇಬರು ಕಣ್ಣಾರೆ ನೋಡಿರದ ಸಂಗತಿ ಅವರ ಸಹಿಯ ಮೇಲೆ ಒಂದೂ ಇರಲಿಲ್ಲ.